ಮಾತು ಬಾರದ ಮಹಾಮೇಧಾವಿ

ಮಹಾಪುರುಷರ ವಿಚಿತ್ರ ಸ್ವಭಾವಗಳನ್ನು ಹೇಳಿಕೊಂಡು ನಗುವುದು ನಮಗೆಲ್ಲ ಪ್ರಿಯವಾದ ಕಾಲಕ್ಷೇಪ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ಎಚ್ಚರಿಸಲು ಉಪಾಧ್ಯಾಯರಿಗೂ ಅದೊಂದು ಉಪಾಯ. ಆದರೆ ಹೆನ್ರಿ ಕ್ಯಾವೆಂಡಿಷ್‌ನ ವಿಷಯದಲ್ಲಿ ನನಗೇಕೋ ನಗು ಬರುವುದಿಲ್ಲ.

ಜಲಜನಕವು ಒಂದು ಪ್ರತ್ಯೇಕ ಅನಿಲವೆಂದು 1766ರಲ್ಲಿ ತೋರಿಸಿಕೊಟ್ಟವನು ಈತನೇ ಎಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇಂಗ್ಲೆಂಡಿನ ಡ್ಯೂಕ್ ಮನೆತನದವನು, ಅಪಾರ ಶ್ರೀಮಂತ. ಆದರೆ ಮನುಷ್ಯರೆಂದರೆ ಅಂಜಿಕೆ. ಅಪರಿಚಿತರು ಎದುರಾದರೆ ನಾಲಿಗೆ ಕಟ್ಟುತ್ತಿತ್ತು. ಮನೆಯ ಸೇವಕಿಯರಿಗೂ ಮುಖ ತೋರಿಸಲೊಲ್ಲದೆ, ಊಟಕ್ಕೆ ಏನು ಬೇಕೆಂಬುದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡುತ್ತಿದ್ದನಂತೆ.

ಭೂಮಿಯ ಸಾಂದ್ರತೆಯನ್ನು ಅಳೆದಾಗಲೂ ಅಷ್ಟೆ. ಸೀಸದ ಗುಂಡುಗಳ ನಡುವಣ ಅತಿ ಸೂಕ್ಷ್ಮ ಆಕರ್ಷಣೆಯನ್ನು ಗುರುತಿಸಬೇಕಾಗಿತ್ತು. ಕೋಣೆಯೊಳಗೆ ಹೋದರೆ ಗಾಳಿ ಅಲುಗಾಡೀತೆಂದು ಹೊರಗೆ ನಿಂತು ದೂರದರ್ಶಕದಿಂದ ನೋಡಿದ. ಹೊರಗೆ ನಿಂತು ನೋಡುವುದು ಆತನಿಗೆ ಹೊಸತೇನಲ್ಲವಷ್ಟೆ! 1798ರಲ್ಲಿ ಆತ ಪ್ರಕಟಿಸಿದ ಉತ್ತರ: ಭೂಮಿ ನೀರಿಗಿಂತ 5.48 ಪಟ್ಟು ಸಾಂದ್ರ. ಇಂದಿನ ಲೆಕ್ಕ ಸುಮಾರು 5.51.

ಇಂಥ ವಿಲಕ್ಷಣತೆಯೇ ಪ್ರತಿಭೆಯ ತಾಯಿ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ವಿದ್ಯುತ್ತಿನ ಬಗೆಗೆ ಆತ ಮಾಡಿದ ಪ್ರಯೋಗಗಳ ಬಹುಪಾಲು ಕಾಗದದ ಕಟ್ಟುಗಳಲ್ಲಿಯೇ ಉಳಿದವು. 1810ರಲ್ಲಿ ಆತ ತೀರಿಕೊಂಡ 69 ವರ್ಷಗಳ ಬಳಿಕ ಮ್ಯಾಕ್ಸ್‌ವೆಲ್ ಅವನ್ನು ಸಂಪಾದಿಸಿ ಪ್ರಕಟಿಸಿದಾಗ ಲೋಕ ಬೆರಗಾಯಿತು. 1785ರಲ್ಲಿ ಕೂಲಂಬ್, 1827ರಲ್ಲಿ ಓಮ್ ಹೊರತಂದ ನಿಯಮಗಳು ಈತನಿಗೆ ಮೊದಲೇ ಗೋಚರಿಸಿದ್ದವು. ಆ ಮೌನದಿಂದ ವಿಜ್ಞಾನಕ್ಕೆ ಆದದ್ದು ನಷ್ಟವೇ.

ಹಾಗಾದರೆ ಆತನನ್ನು ಹಿಡಿದೆಳೆದು ಮಾತನಾಡಿಸಬೇಕಿತ್ತೇ? ರಾಯಲ್ ಸೊಸೈಟಿಯ ಗೆಳೆಯರು ಬೇರೊಂದು ದಾರಿ ಕಂಡುಕೊಂಡಿದ್ದರು. ಆತನ ಮುಖವನ್ನು ನೋಡದೆ, ಶೂನ್ಯದೊಡನೆ ಮಾತನಾಡುವವರಂತೆ ವಿಷಯವನ್ನು ಎತ್ತಬೇಕು. ಆಗ ಉತ್ತರ ಬಂದರೂ ಬರಬಹುದು ಎಂದು ವೊಲ್ಲಾಸ್ಟನ್ ಎಂಬ ವಿಜ್ಞಾನಿ ಹೊಸಬರಿಗೆ ಹೇಳಿಕೊಡುತ್ತಿದ್ದನಂತೆ. ಕ್ಯಾವೆಂಡಿಷ್‌ನ ಪ್ರಯೋಗಗಳಷ್ಟೇ ಗೌರವ ನನಗೆ ಈ ಸಲಹೆಯ ಮೇಲೂ ಇದೆ. ಅಷ್ಟು ಅಂಜುಬುರುಕನಾದವನು ಆ ಕೂಟದ ಭೋಜನಕ್ಕೆ ಮಾತ್ರ ದಶಕಗಳ ಕಾಲ ತಪ್ಪದೆ ಬರುತ್ತಿದ್ದುದು ಸುಮ್ಮನೆ ಅಲ್ಲ.

ನಮ್ಮಲ್ಲಿ ನಡೆಯುವುದೇನು? ಭಾಷಣ ಸ್ಪರ್ಧೆಯಲ್ಲಿ ಗೆದ್ದವನೇ ಜಾಣ. ಹಿಂದಿನ ಬೆಂಚಿನ ಮೌನಿ ‘ಮಂಕ’. ಮನೆಗೆ ನೆಂಟರು ಬಂದರೆ ಬಾಗಿಲ ಮರೆಯಲ್ಲಿ ನಿಂತ ಮಗುವನ್ನು ರಟ್ಟೆ ಹಿಡಿದು ತಂದು, ‘ಮಾಮನಿಗೆ ಒಂದು ಹಾಡು ಹೇಳು’ ಎನ್ನುತ್ತೇವೆ. ಅದು ಅತ್ತರೆ ನಗುತ್ತೇವೆ ಬೇರೆ!

ನನ್ನ ಶಿಷ್ಯರಲ್ಲಿ ಈಗ ಹಲವರು ಉಪಾಧ್ಯಾಯರಾಗಿದ್ದೀರಿ. ಮೌನಿಯಾದ ವಿದ್ಯಾರ್ಥಿಯನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವ ಮೊದಲು, ತನ್ನ ಸಂದೇಹವನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಹೋಗಲು ಹೇಳಿ ನೋಡಿ.