ಮೇಷ್ಟರು ಕಲಿಯುವುದೆಲ್ಲಿ?

ಶಿಕ್ಷಕರ ವೃತ್ತಿ ಬೆಳವಣಿಗೆಯನ್ನು ನಾವೀಗ ಗಂಟೆಗಳಲ್ಲಿ ಅಳೆಯುತ್ತಿದ್ದೇವೆ. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಕೋರ್ಸ್ ಮುಗಿಸಿದರೆ ಪ್ರಮಾಣಪತ್ರವೂ ಸಿಗುತ್ತದೆ. ತರಬೇತಿ ಬೇಡವೆನ್ನುತ್ತಿಲ್ಲ. ಆದರೆ ಮೂರನೇ ತರಗತಿಯ ಮಗುವೊಂದು 52ರಲ್ಲಿ 27 ಕಳೆದು 35 ಎಂದು ಬರೆದಾಗ ಮೇಷ್ಟರು ಏನು ಮಾಡುತ್ತಾರೆ ಎಂಬುದರಲ್ಲಿ ಅವರ ಬೆಳವಣಿಗೆ ಕಾಣುತ್ತದೆ.

ಆ 35 ಕಣ್ತಪ್ಪಿನಿಂದ ಬಂದದ್ದಲ್ಲ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ. ಮಗು 7ರಲ್ಲಿ 2 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಕಲಿತದ್ದನ್ನು ಶ್ರದ್ಧೆಯಿಂದಲೇ ಪಾಲಿಸಿದೆ. ಕೆಂಪು ಗೆರೆ ಎಳೆದು ಮುಂದೆ ಹೋದರೆ ಇದು ಗೊತ್ತಾಗುವುದೇ ಇಲ್ಲ. "ಹೇಗೆ ಮಾಡ್ದೆ, ಹೇಳು ಪುಟ್ಟಾ" ಎಂದು ಕೇಳಿ, ಸಂಜೆ ಎರಡು ಸಾಲು ಬರೆದಿಟ್ಟು, ನಾಳೆಯ ಪಾಠವನ್ನು ಅದಕ್ಕೆ ತಕ್ಕಂತೆ ಬದಲಿಸುವವರು ದಿನದಿನವೂ ಬೆಳೆಯುತ್ತಾರೆ.

ಇದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದರು, ಕಾರ್ಡುಗಳನ್ನು ಮಾಡಿದರು, ಮಕ್ಕಳ ಮುಂದಿಟ್ಟು ನೋಡಿ ತಿದ್ದಿದರು. ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಹುಟ್ಟಿದ್ದು ಹಾಗೆ. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಶಾಲೆ ಶಾಲೆಗೂ ತಲುಪಿದವು. ಆದರೆ ಶಿಕ್ಷಕರು ಒಟ್ಟಿಗೆ ಕೂತು ಮಾತಾಡುವ, ಮಾಡಿ ನೋಡುವ ಅಭ್ಯಾಸ ಅದೇ ಬಿರುಸಿನಲ್ಲಿ ತಲುಪಲಿಲ್ಲವೆಂದೇ ನನ್ನ ಭಾವನೆ.

ಹಾಗೆಂದು ಎಲ್ಲರೂ ಅವಲೋಕನದ ಡೈರಿ ಬರೆಯಲೇಬೇಕೆಂದು ಆದೇಶ ಹೊರಡಿಸಿದರೆ, ಅದು ಸಹಿಗಾಗಿ ತುಂಬುವ ಮತ್ತೊಂದು ರಿಜಿಸ್ಟರ್ ಆಗುತ್ತದೆ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬುವ ಮಕ್ಕಳ ಮಾಹಿತಿ, ಚುನಾವಣೆ ಕೆಲಸ ಎಲ್ಲವನ್ನೂ ಹೊತ್ತ ಏಕೋಪಾಧ್ಯಾಯ ಶಾಲೆಯ ಮೇಡಂಗೆ ಯೋಚಿಸಲು ಬಿಡುವೇ ಇಲ್ಲದಿರುವಾಗ, ಯೋಚಿಸಿ ಎಂದು ಉಪದೇಶಿಸುವುದು ಅನ್ಯಾಯ. ತಮ್ಮ ಪಾಠ ಎಲ್ಲಿ ಸೋತಿತೆಂದು ಬರೆಯುವವರಿಗೆ, ಅದನ್ನು ಯಾರೂ ತಮ್ಮ ವಿರುದ್ಧ ಬಳಸುವುದಿಲ್ಲವೆಂಬ ಭರವಸೆಯೂ ಬೇಕು.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಹೇಗೂ ಇವೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಅಲ್ಲಿ ಸುತ್ತೋಲೆ ಓದುವುದನ್ನು ಅರ್ಧಕ್ಕೆ ಇಳಿಸಲಿ. ಉಳಿದ ಹೊತ್ತಿನಲ್ಲಿ ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಒಂದು ಮಗುವಿನ ನೋಟ್‌ಬುಕ್ ತಂದು ಎಲ್ಲರ ಮುಂದೆ ತೆರೆಯಲಿ.