ತಿಗಣೆಯೂ ನಮ್ಮ ನಾಚಿಕೆಯೂ

ಮನೆಯೊಳಗೆ ಹಾವು ಹೊಕ್ಕರೆ ನಾವು ಕೇರಿಯೆಲ್ಲ ಕೇಳುವಂತೆ ಕೂಗಿಕೊಳ್ಳುತ್ತೇವೆ. ಚೇಳು ಕಂಡರೆ ನೆರೆಯವರನ್ನು ಕರೆಯುತ್ತೇವೆ. ಹಾಸಿಗೆಯಲ್ಲಿ ತಿಗಣೆ ಕಂಡರೆ ಮಾತ್ರ ಬಾಗಿಲನ್ನು ಮುಚ್ಚಿಕೊಂಡು ಸುಮ್ಮನಾಗುತ್ತೇವೆ. ಹಾವೂ ಚೇಳೂ ಒಂದು ದಿನದಲ್ಲಿ ತೊಲಗುತ್ತವೆ. ತಿಗಣೆಯೋ ವರ್ಷಗಟ್ಟಲೆ ನಿಲ್ಲುತ್ತದೆ. ಅದು ಹೀಗೆ ನಿಲ್ಲುವುದಕ್ಕೆ ಅದರ ಸಾಮರ್ಥ್ಯ ಎಷ್ಟು ಕಾರಣವೋ ನಮ್ಮ ಮೌನವೂ ಅಷ್ಟೇ ಕಾರಣವೆಂಬುದು ಈ ಲೇಖಕನ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆನು. ಆ ಮನೆಯ ಹುಡುಗನು ದೂರದ ಪಟ್ಟಣವೊಂದರ ವಿದ್ಯಾರ್ಥಿನಿಲಯದಲ್ಲಿದ್ದು, ಆಗತಾನೆ ರಜೆಗೆಂದು ಬಂದಿದ್ದನು. ಅವನ ಟ್ರಂಕು, ಹಾಸಿಗೆಸುರುಳಿಗಳೊಡನೆ ತಿಗಣೆಯೂ ಬಂದಿತ್ತು. ಎರಡನೆಯ ವಾರದ ಹೊತ್ತಿಗೆ ಮನೆಯವರಾರಿಗೂ ನಿದ್ರೆಯಿಲ್ಲವಾಯಿತು. ಮನೆಯ ಹಿರಿಯಾಕೆ ನನ್ನನ್ನು ಬಳಿಗೆ ಕರೆದು, “ಯಾರ ಮುಂದೂ ಅನ್ನಬೇಡಪ್ಪ, ನಾಡಿದ್ದು ಹುಡುಗೀನ ನೋಡಾಕೆ ಬರ್ತಾರೆ” ಎಂದರು. ಅತ್ತ ಮನೆಯ ಯಜಮಾನನು ಮೆಕ್ಕೆಜೋಳದ ಹೊಲಕ್ಕೆಂದು ತಂದಿಟ್ಟಿದ್ದ ಹುಳುವಿನ ಔಷಧಿಯ ಸೀಸೆಯನ್ನೂ ಸಿಂಪಡಿಸುವ ಪಂಪನ್ನೂ ಅಂಗಳಕ್ಕೆ ತೆಗೆದಿದ್ದನು. ಒಳಕೋಣೆಯಲ್ಲಿ ತೊಟ್ಟಿಲಿತ್ತು, ತೊಟ್ಟಿಲಲ್ಲಿ ಮಗುವಿತ್ತು. ಪಂಪನ್ನು ಹಿಂದಕ್ಕೆ ಇರಿಸುವುದರೊಳಗೆ ನನಗೆ ಸಾಕುಸಾಕಾಯಿತು. ಒಂದೇ ಮನೆಯ ಒಂದೇ ಹೊತ್ತಿನ ಈ ಎರಡು ನಡೆಗಳಲ್ಲಿ, ಎಂದರೆ ಮುಚ್ಚಿಡುವುದರಲ್ಲಿಯೂ ವಿಷವನ್ನು ಎರಚುವುದರಲ್ಲಿಯೂ, ನಮ್ಮ ನಾಡಿನ ತಿಗಣೆಯ ಸಮಸ್ಯೆಯೆಲ್ಲವೂ ಅಡಗಿದೆ.

ಮೊದಲು ನಾಚಿಕೆಯನ್ನು ವಿಚಾರಿಸೋಣ. ತಿಗಣೆಯು ಕೊಳಕಿನಿಂದ ಹುಟ್ಟುವುದೆಂಬ ನಂಬಿಕೆಯು ಬಲವಾಗಿದೆ. ಇದಕ್ಕೆ ಆಧಾರವಿಲ್ಲ. ತಿಗಣೆಯು ಕಸವನ್ನು ತಿನ್ನುವುದಿಲ್ಲ, ಎಂಜಲನ್ನು ಮುಟ್ಟುವುದಿಲ್ಲ. ಅದರ ಆಹಾರವು ರಕ್ತವೊಂದೇ. ಮಲಗಿರುವ ಮನುಷ್ಯನ ಮೈಯ ಬಿಸಿಯೂ ಅವನು ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡೂ ಅದನ್ನು ಸೆಳೆಯುತ್ತವೆ. ಆ ಮನುಷ್ಯನು ಬಡವನೋ ಸಿರಿವಂತನೋ, ಮಿಂದವನೋ ಮೀಯದವನೋ ಎಂಬ ವಿಚಾರವು ಅದಕ್ಕಿಲ್ಲ. ಪಂಚತಂತ್ರದ ಕಥೆಯೊಂದನ್ನು ವಾಚಕರು ಬಲ್ಲರು. ರಾಜನ ಹಾಸಿಗೆಯಲ್ಲಿ ಸುಖವಾಗಿದ್ದ ಹೇನಿನ ಬಳಿಗೆ ತಿಗಣೆಯೊಂದು ಅತಿಥಿಯಾಗಿ ಬಂದಿತು. ಅದು ಹೊತ್ತಲ್ಲದ ಹೊತ್ತಿನಲ್ಲಿ ರಾಜನನ್ನು ಕಚ್ಚಿತು. ಸೇವಕರು ದೀಪ ಹಿಡಿದು ಹುಡುಕುವಷ್ಟರಲ್ಲಿ ತಿಗಣೆಯು ಸಂದಿನೊಳಗೆ ನುಸುಳಿತು. ಸಿಕ್ಕಿಬಿದ್ದು ಸತ್ತುದು ಹೇನು. ತಿಗಣೆಗೆ ಅರಮನೆಯೂ ಒಂದೇ, ಗುಡಿಸಲೂ ಒಂದೇ ಎಂಬುದನ್ನೂ, ಬೆಳಕು ಕಂಡೊಡನೆ ಅದು ಬಿರುಕನ್ನು ಸೇರುವುದೆಂಬುದನ್ನೂ ಆ ಕಥೆಗಾರನು ಕಣ್ಣಾರೆ ಕಂಡಿದ್ದನೆಂದೇ ಹೇಳಬೇಕು. 2023ರಲ್ಲಿ ಪ್ಯಾರಿಸ್ ನಗರವು ತಿಗಣೆಯ ಭೀತಿಯಿಂದ ತಲ್ಲಣಿಸಿದುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಪ್ಯಾರಿಸಿಗೆ ಇಲ್ಲದ ಅಪಮಾನವು ತಾಳ್ಯಕ್ಕೇಕೆ?

ಇನ್ನು ತಿಗಣೆಯ ಗುರುತು. ಬಲಿತ ತಿಗಣೆಯು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಹುರುಳಿಕಾಳನ್ನು ಹೋಲುತ್ತದೆ. ಸುಮಾರು 5 ಮಿಲಿಮೀಟರು ಉದ್ದ, ಆರು ಕಾಲು, ಹಾರುವ ರೆಕ್ಕೆಯಿಲ್ಲ, ಹಸಿದಾಗ ಕಾಗದದಂತೆ ಚಪ್ಪಟೆ, ರಕ್ತ ಕುಡಿದಾಗ ಉಬ್ಬಿ ಕೆಂಪೇರಿದ ದೇಹ. ಗಸಗಸೆಯ ಕಾಳಿನಂತಿರುವ ಬಿಳಿಯ ಮೊಟ್ಟೆಗಳನ್ನು ಸಂದುಗಳಲ್ಲಿ ಅಂಟಿಸಿಡುತ್ತದೆ. ಅನುಕೂಲವಿದ್ದಲ್ಲಿ ಒಂದು ಹೆಣ್ಣು ತನ್ನ ಜೀವಮಾನದಲ್ಲಿ 200ರಷ್ಟು ಮೊಟ್ಟೆಗಳನ್ನು ಇಡಬಲ್ಲದು. ನಮ್ಮ ಸೆಕೆಯಲ್ಲಿ 6ರಿಂದ 10 ದಿನಗಳೊಳಗೆ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಮರಿಯು ಐದು ಸಲ ಪೊರೆ ಕಳಚಿ ಬಲಿಯುತ್ತದೆ. ಪ್ರತಿಯೊಂದು ಸಲವೂ ಅದಕ್ಕೆ ರಕ್ತದ ಊಟ ಬೇಕು. ಶೀತದೇಶಗಳಲ್ಲಿ ಸೈಮೆಕ್ಸ್ ಲೆಕ್ಚುಲೇರಿಯಸ್ ಎಂಬ ಜಾತಿಯೂ, ನಮ್ಮಂಥ ಉಷ್ಣದೇಶಗಳಲ್ಲಿ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿಯೂ ಹೆಚ್ಚಾಗಿ ಕಂಡುಬರುತ್ತವೆ.

ಮೈಮೇಲಿನ ದದ್ದನ್ನು ಮಾತ್ರ ನೋಡಿ ತಿಗಣೆಯೆಂದು ನಿರ್ಧರಿಸಲಾಗದು. ಸೊಳ್ಳೆ, ಚಿಗಟ, ಕಜ್ಜಿಯ ಹುಳುಗಳಿಂದಲೂ ಅಂಥವೇ ಗುಳ್ಳೆಗಳೇಳುತ್ತವೆ. ಅಲ್ಲದೆ ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬನ ಮೈ ಬಾತು ಕೆಂಪಾದರೆ, ಇನ್ನೊಬ್ಬನ ಮೈಯಲ್ಲಿ ಗುರುತೇ ಇಲ್ಲದಿರಬಹುದು. ಆದುದರಿಂದ ಮೈಯನ್ನಲ್ಲ, ಮಂಚವನ್ನು ಪರೀಕ್ಷಿಸಬೇಕು. ಹಾಸಿಗೆಯ ಹೊಲಿಗೆಯಂಚು, ದಿಂಬಿನ ಮೂಲೆ, ಮಂಚದ ಕೀಲು, ನುಲಿಮಂಚದ ಹಗ್ಗದ ಹೆಣಿಗೆ, ಮಣ್ಣುಗೋಡೆಯ ಬಿರುಕು, ಮಾಳಿಗೆಯ ಜಂತಿಯ ಸಂದು, ಗೋಡೆಗೆ ತೂಗಿದ ಪಟ, ಕ್ಯಾಲೆಂಡರುಗಳ ಹಿಂಬದಿ, ವಿದ್ಯುತ್ ಸ್ವಿಚ್ಚಿನ ಹಲಗೆ ಇವುಗಳಲ್ಲಿ ಶಾಯಿಯ ಚುಕ್ಕೆಯಂತಹ ಕಪ್ಪು ಕಲೆಗಳಿವೆಯೇ, ಕಳಚಿದ ಪೊರೆಗಳಿವೆಯೇ ಎಂದು ನೋಡಬೇಕು. ನಡುರಾತ್ರಿಯ ತರುವಾಯ ಬ್ಯಾಟರಿಯ ಬೆಳಕನ್ನು ಥಟ್ಟನೆ ಹಾಯಿಸಿದರೆ ಕಳ್ಳನು ಸಿಕ್ಕಿಯೇ ಬೀಳುತ್ತಾನೆ.

ರಕ್ತ ಹೀರುವ ಈ ಕೀಟವು ರೋಗವನ್ನು ಹರಡುವುದೇ ಎಂಬುದು ಸಹಜವಾದ ಪ್ರಶ್ನೆ. ಇದಕ್ಕೆ ದಕ್ಷಿಣ ಭಾರತದಲ್ಲಿಯೇ ಒಂದು ಇತಿಹಾಸವಿದೆ. 1907ರಲ್ಲಿ ಮದರಾಸಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಪ್ಯಾಟನ್ ಎಂಬ ಶಾಸ್ತ್ರಜ್ಞರು ಕಾಲಾ ಅಜಾರ್ ರೋಗದ ಕ್ರಿಮಿಯು ತಿಗಣೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಕಂಡು, ಆ ರೋಗಕ್ಕೆ ತಿಗಣೆಯೇ ವಾಹಕವೆಂದು ಬಲವಾಗಿ ಶಂಕಿಸಿದರು. ಈ ಶಂಕೆಯ ಹಿಂದೆ ಅನೇಕ ವರ್ಷಗಳ ಶ್ರಮವು ವ್ಯಯವಾಯಿತು. ಕಟ್ಟಕಡೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್‌ಸನ್ ಎಂಬ ಮೂವರು ನಿಜವಾದ ಅಪರಾಧಿಯು ಮರಳುನೊಣವೆಂದು ಸಿದ್ಧಪಡಿಸಿದರು. ಕೀಟದ ಹೊಟ್ಟೆಯಲ್ಲಿ ರೋಗಾಣು ಬದುಕುವುದು ಬೇರೆ, ಅದು ಮನುಷ್ಯನಿಗೆ ದಾಟುವುದು ಬೇರೆ ಎಂಬ ಪಾಠವನ್ನು ತಿಗಣೆಯು ಶಾಸ್ತ್ರಜ್ಞರಿಗೆ ಕಲಿಸಿತು. ಸಾಮಾನ್ಯ ಜೀವನದಲ್ಲಿ ತಿಗಣೆಯು ಮನುಷ್ಯರಲ್ಲಿ ಯಾವುದಾದರೂ ರೋಗವನ್ನು ಹರಡುತ್ತದೆಂಬುದು ಇಂದಿಗೂ ಸಿದ್ಧವಾಗಿಲ್ಲ. ಹಾಗೆಂದು ಅದು ನಿರುಪದ್ರವಿಯಲ್ಲ. ಕೆರೆತದಿಂದ ಹುಣ್ಣಾಗಿ ಕೀವು ಸೇರುವುದುಂಟು. ಕಾಟವು ಮಿತಿಮೀರಿದಲ್ಲಿ ರಕ್ತಹೀನತೆಯೂ ಉಂಟಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಅದು ನಿದ್ರೆಯನ್ನು ಕದಿಯುತ್ತದೆ. ದಿನವೆಲ್ಲ ದುಡಿದ ಕೂಲಿಯವನಿಗೂ, ಪರೀಕ್ಷೆಗೆ ಓದುವ ಹುಡುಗಿಗೂ ನಿದ್ರೆಯು ಅನ್ನದಷ್ಟೇ ಮುಖ್ಯವೆಂಬುದನ್ನು ಮರೆಯಬಾರದು.

ಈಗ ವಿಷದ ಮಾತು. 1939ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್ ಎಂಬ ರಸಾಯನಶಾಸ್ತ್ರಜ್ಞರು ಡಿ.ಡಿ.ಟಿ.ಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದರು. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. 1953ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ, ಹಳ್ಳಿಹಳ್ಳಿಗಳ ಮನೆಗಳಿಗೆ ಪಂಪು ಹೊತ್ತವರು ಬಂದು ಗೋಡೆಗಳಿಗೆ ಡಿ.ಡಿ.ಟಿ. ಹೊಡೆದರು. ಅದು ಸೊಳ್ಳೆಗೆಂದು ಹೊಡೆದ ಔಷಧಿ. ಆದರೆ ಮೊದಮೊದಲು ತಿಗಣೆಯೂ ಸತ್ತಿತು, ಜನರೂ ಹಿಗ್ಗಿದರು. ಕೆಲವು ವರ್ಷಗಳಲ್ಲಿ ಆಟವು ತಿರುಗಿತು. ಡಿ.ಡಿ.ಟಿ.ಗೆ ಬಗ್ಗದ ತಿಗಣೆಗಳು ಹವಾಯಿ ದ್ವೀಪದ ಸೈನಿಕರ ವಸತಿಯಲ್ಲಿ 1947ರಷ್ಟು ಹಿಂದೆಯೇ ಕಾಣಿಸಿಕೊಂಡಿದ್ದವು. ನಮ್ಮಲ್ಲಿಯೂ ಅಂಥವೇ ಹುಟ್ಟಿಕೊಂಡವು. ಔಷಧಿ ತಗುಲಿದ ತಿಗಣೆಗಳು ಸಾಯದೆ, ಕೆರಳಿ ಸಂದುಗಳಿಂದ ಹೊರಬಿದ್ದು ಓಡಾಡತೊಡಗಿದವು. ಔಷಧಿಯವರು ಬಂದುಹೋದ ಮೇಲೆಯೇ ತಿಗಣೆ ಹೆಚ್ಚಿತೆಂದು ಜನರು ದೂರಿದರು. ಕೆಲವೆಡೆ ಬಾಗಿಲು ತೆರೆಯಲೂ ಒಪ್ಪದಾದರು. ಇದರಿಂದ ಮಲೇರಿಯಾದ ಕೆಲಸಕ್ಕೂ ಅಡ್ಡಿಯಾಯಿತು.

ಹೀಗೇಕಾಯಿತು? ಸಾವಿರ ತಿಗಣೆಗಳಲ್ಲಿ ನಾಲ್ಕಾರಕ್ಕೆ ಆ ವಿಷವನ್ನು ತಾಳುವ ಗುಣವು ಹುಟ್ಟಿನಿಂದಲೇ ಇರುತ್ತದೆಂದು ಊಹಿಸೋಣ. ವಿಷವು ಉಳಿದವನ್ನೆಲ್ಲ ಕೊಂದು ಆ ನಾಲ್ಕಾರಕ್ಕೆ ಮನೆಯನ್ನು ಬಿಟ್ಟುಕೊಡುತ್ತದೆ. ಮುಂದಿನ ಸಂತತಿಯೆಲ್ಲ ಅವುಗಳದೇ. ನಾವು ವಿಷವನ್ನು ಬದಲಾಯಿಸಿದಂತೆಲ್ಲ ಇದೇ ಆಟವು ಮರುಕಳಿಸುತ್ತದೆ. ಇಂದು ಅಂಗಡಿಗಳಲ್ಲಿ ಸಿಗುವ ಪೈರೆಥ್ರಾಯ್ಡ್ ವರ್ಗದ ಔಷಧಿಗಳಿಗೂ ತಿಗಣೆಯು ಅನೇಕ ದೇಶಗಳಲ್ಲಿ ಒಗ್ಗಿಕೊಂಡಿದೆ. 1990ರ ದಶಕದ ಕೊನೆಯಿಂದೀಚೆಗೆ ಸಿರಿವಂತ ರಾಷ್ಟ್ರಗಳಲ್ಲಿಯೂ ಅದು ಮರಳಿ ತಲೆಯೆತ್ತಿರುವುದಕ್ಕೆ ಇದೂ ಒಂದು ಕಾರಣ.

ತಿಗಣೆಯು ಒಗ್ಗಿಕೊಂಡಿತು, ಮನುಷ್ಯನು ಒಗ್ಗಿಕೊಳ್ಳಲಿಲ್ಲ. ಹೊಲಕ್ಕೆ ಹೊಡೆಯುವ ಔಷಧಿಯು ಬಯಲಿನ ಗಾಳಿಗೆಂದು ಸಿದ್ಧವಾದುದು. ಮುಚ್ಚಿದ ಕೋಣೆಯಲ್ಲಿ ಅದು ಮಲಗುವವರ ಉಸಿರಿನೊಳಗೇ ಇಳಿಯುತ್ತದೆ. ಸೀಸೆಯ ಚೀಟಿಯ ಮೇಲಿನ ಕೆಂಪು, ಹಳದಿ ತ್ರಿಕೋನಗಳು ಅಲಂಕಾರಕ್ಕಲ್ಲ, ವಿಷದ ಉಗ್ರತೆಯನ್ನು ತಿಳಿಸುವುದಕ್ಕೆ. ಕಾಳು ಕೆಡದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಂತೂ ಗಾಳಿಯ ತೇವದೊಡನೆ ಸೇರಿ ಫಾಸ್ಫೀನ್ ಎಂಬ ಮಾರಕವಾದ ಅನಿಲವನ್ನು ಹೊಮ್ಮಿಸುತ್ತವೆ. ಅದು ಪಕ್ಕದ ಕೋಣೆಯವರನ್ನೂ ಕೊಲ್ಲಬಲ್ಲದು. 2025ರಲ್ಲಿ ಬೆಂಗಳೂರಿನ ವಸತಿಗೃಹವೊಂದರಲ್ಲಿ ತಿಗಣೆಗೆಂದು ಹೊಡೆದ ಔಷಧಿಯ ಗಾಳಿಯನ್ನು ಸೇವಿಸಿ ವಿದ್ಯಾರ್ಥಿಯೊಬ್ಬನು ತೀರಿಕೊಂಡನೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಇಲಿಯ ಮೇಲಣ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟಂತೆ ಎಂಬ ಗಾದೆಗೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಉಪಾಯವೇನು? ನಮ್ಮ ಅಜ್ಜಿಯರು ವರ್ಷಕ್ಕೆರಡು ಬಾರಿ ಮಂಚವನ್ನು ಅಂಗಳಕ್ಕೆ ತೆಗೆದು, ನೆಲಕ್ಕೆ ಕುಟ್ಟಿ, ಕೀಲುಕೀಲಿಗೂ ಕುದಿಯುವ ನೀರನ್ನು ಹೊಯ್ಯುತ್ತಿದ್ದರು. ಅವರ ದಾರಿಯೇ ಸರಿಯಾದುದು. ಯಾವ ವಿಷಕ್ಕೆ ಒಗ್ಗಿದ ತಿಗಣೆಯೂ ಕಾವಿಗೆ ಒಗ್ಗಿಲ್ಲ. 50 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಬಿಸಿಯು ತಗುಲಿದರೆ ತಿಗಣೆಯೂ ಅದರ ಮೊಟ್ಟೆಯೂ ಬೇಗನೆ ನಾಶವಾಗುತ್ತವೆ. ಆದರೆ ಮನೆಮದ್ದುಗಳೆಲ್ಲವೂ ಹೀಗೆ ಗೆಲ್ಲುವುದಿಲ್ಲ. ಬೇವಿನ ಸೊಪ್ಪು, ಬಜೆಯ ಬೇರುಗಳನ್ನು ಇಟ್ಟಮಾತ್ರಕ್ಕೆ ತುಂಬಿದ ಮನೆಯಿಂದ ತಿಗಣೆಯು ತೊಲಗಲಾರದು. ಸೀಮೆಎಣ್ಣೆಯು ತಿಗಣೆಗಿಂತ ಮೊದಲು ಮನೆಯನ್ನು ಸುಟ್ಟೀತು. ಹಳೆಯದನ್ನು ಜರೆಯುವುದೂ ಬೇಡ, ಪೂಜಿಸುವುದೂ ಬೇಡ, ಪರೀಕ್ಷಿಸೋಣ.

ಕ್ರಮವು ಹೀಗಿರಲಿ. ತಿಗಣೆಯಿರುವ ಕೋಣೆಯ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ಯಬಾರದು. ಒಯ್ದರೆ ಒಂದು ಕೋಣೆಯ ಕಾಟವು ಎರಡು ಕೋಣೆಗಳದಾಗುತ್ತದೆ. ಬಟ್ಟೆ, ಹೊದಿಕೆಗಳನ್ನು ಚೀಲದಲ್ಲಿ ಬಿಗಿದು ಕಟ್ಟಿಯೇ ಹೊರಗೆ ತಂದು, ಕುದಿಯುವ ನೀರಿನಲ್ಲಿ ಅದ್ದಬೇಕು. ಕುದಿನೀರನ್ನು ತಾಳದ ಬಟ್ಟೆಗಳಿಗೂ ಹೊಲಿಗೆಯಂಚುಗಳಿಗೂ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಆಡಿಸಬೇಕು. ಬರಿಯ ಬಿಸಿಲನ್ನು ಪೂರ್ತಿಯಾಗಿ ನಂಬುವಂತಿಲ್ಲ. ಚಿತ್ರದುರ್ಗ ಸೀಮೆಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ದಪ್ಪ ಹಾಸಿಗೆಯ ಒಡಲು ಸಾಕಷ್ಟು ಕಾಯುವುದಿಲ್ಲ. ತಿಗಣೆಯು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. ತೆಳುವಾದ ಕಂಬಳಿಯನ್ನು ಕಾದ ತಗಡಿನ ಮೇಲೆ ಹರಡಿ, ಮತ್ತೆ ಮತ್ತೆ ಮಗುಚಿ ಹಾಕಿದರೆ ಪ್ರಯೋಜನವುಂಟು. ಗೋಡೆಯ ಬಿರುಕುಗಳನ್ನು ಮಣ್ಣಿನಿಂದಲೋ ಗಾರೆಯಿಂದಲೋ ಮೆತ್ತಬೇಕು. ಮಂಚವನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಅದರ ಕಾಲುಗಳನ್ನು ಸಾಬೂನು ಬೆರೆಸಿದ ನೀರಿನ ಬಟ್ಟಲುಗಳಲ್ಲಿ ಇರಿಸಬೇಕು. ಹೊದಿಕೆಯು ನೆಲಕ್ಕೆ ಜೋತುಬೀಳದಂತೆ ನೋಡಿಕೊಳ್ಳಬೇಕು. ಬರಿಯ ನುಣುಪು ಬಟ್ಟಲು ಸಾಲದು. ನಮ್ಮ ಉಷ್ಣದೇಶದ ಜಾತಿಯು ನುಣುಪಾದ ಗೋಡೆಯನ್ನೂ ಹತ್ತಬಲ್ಲದು.

ಒಂದು ದಿನದ ಪರಾಕ್ರಮದಿಂದ ಈ ಯುದ್ಧವು ಮುಗಿಯುವುದಿಲ್ಲ. ಉಳಿದ ಮೊಟ್ಟೆಗಳು ಒಡೆಯುವ ಹೊತ್ತಿಗೆ, ಎಂದರೆ ಎಂಟು ಹತ್ತು ದಿನಗಳಿಗೊಮ್ಮೆ, ಇದೇ ಕೆಲಸವನ್ನು ಎರಡು ತಿಂಗಳ ಕಾಲ ಮಾಡಬೇಕು. ಕೋಣೆಯನ್ನು ಕೆಲವು ದಿನ ಬರಿದಾಗಿ ಬಿಟ್ಟರೆ ತಿಗಣೆಯು ಸಾಯದು. ಅದು ಉಪವಾಸವಿದ್ದು ಹಲವು ವಾರ, ತಂಪಿನಲ್ಲಿ ಹಲವು ತಿಂಗಳು ಬದುಕಬಲ್ಲದು. ಇಷ್ಟಾದರೂ ಬಗೆಹರಿಯದಿದ್ದರೆ ಮಾತ್ರ ಔಷಧಿ. ಅದೂ ಮನೆಬಳಕೆಗೆಂದು ಅನುಮತಿ ಪಡೆದುದನ್ನು, ತರಬೇತಿ ಪಡೆದವರ ಕೈಯಿಂದ, ಅವರು ಹೇಳಿದಷ್ಟು ಹೊತ್ತು ಮನೆಯ ಹೊರಗಿದ್ದು ಹೊಡೆಸಬೇಕು. ಒಂದು ಮಾತನ್ನು ಗಂಡಸರಿಗೆ ಹೇಳಬೇಕಾಗಿದೆ. ಹಂಡೆಯ ಕುದಿನೀರನ್ನು ಹೊರುವ, ಮಂಚವನ್ನು ಎತ್ತಿ ಇಳಿಸುವ ಈ ಶ್ರಮವನ್ನೆಲ್ಲ ಹೆಂಗಸರ ಹೆಗಲಿಗೆ ಬಿಟ್ಟು, ತಾವು ಸೀಸೆ ತರಲು ಅಂಗಡಿಗೆ ಓಡುವುದು ತರವಲ್ಲ.

ಕೊನೆಯದಾಗಿ ವಿದ್ಯಾರ್ಥಿನಿಲಯಗಳ ವಿಚಾರ. ನಮ್ಮ ಹಳ್ಳಿಗಳ ಮಕ್ಕಳು ಓದಿಗಾಗಿ ಹೋಗಿ ಸೇರುವ ಎಡೆಗಳಿವು. ಅಲ್ಲಿ ಒಬ್ಬನ ಟ್ರಂಕಿನಿಂದ ನೂರು ಟ್ರಂಕುಗಳಿಗೆ, ನೂರು ಟ್ರಂಕುಗಳಿಂದ ನೂರು ಊರುಗಳಿಗೆ ತಿಗಣೆಯು ಪಯಣಿಸುತ್ತದೆ. ತಿಗಣೆಯಿದೆಯೆಂದು ಹೇಳಿದ ಹುಡುಗನನ್ನು ಗೇಲಿಮಾಡುವ ಅಥವಾ ಗದರಿಸುವ ನಿಲಯದಲ್ಲಿ ಆ ಮಾತು ಎರಡನೆಯ ಬಾರಿ ಕೇಳಿಬರುವುದಿಲ್ಲ. ತಿಗಣೆ ಮಾತ್ರ ಉಳಿಯುತ್ತದೆ. ರಜೆ ಆರಂಭವಾಗುವ ಮುನ್ನ ಪ್ರತಿಯೊಂದು ಮಂಚದ ಪರೀಕ್ಷೆ, ಸಂದುಗಳಿಲ್ಲದ ಕಬ್ಬಿಣದ ಮಂಚಗಳು, ಬಟ್ಟೆಗೆ ಕುದಿನೀರಿನ ಏರ್ಪಾಡು, ದೂರು ಬರೆಯಲು ಒಂದು ಪುಸ್ತಕ ಇವೇನೂ ದುಬಾರಿಯಾದ ಸುಧಾರಣೆಗಳಲ್ಲ. ನಿಲಯಗಳನ್ನು ನಡೆಸುವವರು ಇವನ್ನು ಉಪಕಾರವೆಂದಲ್ಲ, ಕರ್ತವ್ಯವೆಂದು ತಿಳಿಯಬೇಕು.

ತಾಳ್ಯದ ಆ ಮನೆಯಲ್ಲಿ ಕಡೆಗೆ ಏನಾಯಿತೆಂದು ವಾಚಕರು ಕೇಳಬಹುದು. ಹಿರಿಯಾಕೆಯೇ ಮನಸ್ಸು ಗಟ್ಟಿಮಾಡಿಕೊಂಡು ಪಕ್ಕದ ಮನೆಯವರಿಗೆ ವಿಷಯವನ್ನು ತಿಳಿಸಿದರು. “ನಮ್ಮನೇಲೂ ಐತೆ ಕಣಕ್ಕ, ಹೇಳಾಕೆ ನಾಚ್ಕೆ ಆಗಿತ್ತು” ಎಂಬ ಉತ್ತರ ಬಂದಿತು. ಮರುದಿನ ಎರಡು ಮನೆಗಳ ಅಂಗಳದಲ್ಲಿಯೂ ಹಂಡೆಗಳು ಕುದಿದವು. ನಾನು ಊರಿಗೆ ಹಿಂದಿರುಗಿದ ಎರಡು ತಿಂಗಳ ಮೇಲೆ, ಮನೆಯವರೆಲ್ಲರೂ ನೆಮ್ಮದಿಯಾಗಿ ನಿದ್ರಿಸುತ್ತಿರುವರೆಂಬ ಸುದ್ದಿ ತಲಪಿತು. ಹೊಲದ ಔಷಧಿಯ ಸೀಸೆಯು ಮನೆಯೊಳಗಿನಿಂದ ತೋಟದ ಕೊಟ್ಟಿಗೆಯ ಬೀಗದ ಪೆಟ್ಟಿಗೆಗೆ ಹೋಗಿದೆಯಂತೆ. ಅದು ಇರಬೇಕಾದ ಜಾಗವೂ ಅದೇ.