ಗಾಲಿಕುರ್ಚಿಯೂ ನಮ್ಮ ನಗರವೂ

ಕಳೆದ ತಿಂಗಳು ಸ್ವಂತ ಕಾರ್ಯನಿಮಿತ್ತವಾಗಿ ನಾವು ನಗರದ ಒಂದು ಕಚೇರಿಗೆ ಹೋಗಬೇಕಾಗಿ ಬಂದಿತ್ತು. ಅದರ ಬಾಗಿಲಿಗೆ ಏಳು ಮೆಟ್ಟಿಲುಗಳು. ಮೆಟ್ಟಿಲುಗಳ ಬುಡದಲ್ಲಿ, ಮಡಿಸಿದ ಪತ್ರಿಕೆಯೊಂದನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡು, ಗಾಲಿಕುರ್ಚಿಯ ಮೇಲೆ ವೃದ್ಧರೊಬ್ಬರು ಕುಳಿತಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದ ಉಪಾಧ್ಯಾಯರು. ಪಾರ್ಶ್ವವಾಯುವಿನಿಂದ ಕಾಲುಗಳ ಬಲವನ್ನು ಕಳೆದುಕೊಂಡವರು. ಮಗನು ಒಳಗೆ ಹೋಗಿ ವಿಷಯ ತಿಳಿಸಿದರೆ, ಅರ್ಜಿದಾರರೇ ಮೇಜಿನ ಮುಂದೆ ಬರಬೇಕೆಂಬ ಉತ್ತರ ಬಂದಿತಂತೆ. ಕೊನೆಗೆ ದಾರಿಯಲ್ಲಿದ್ದ ಇಬ್ಬರು ರಿಕ್ಷಾ ಚಾಲಕರು ಕುರ್ಚಿ ಸಮೇತ ಅವರನ್ನು ಎತ್ತಿ ಮೇಲಕ್ಕೆ ಒಯ್ದರು. ಅಷ್ಟು ಹೊತ್ತೂ ಆ ಹಿರಿಯರು ಕಣ್ಣು ಮುಚ್ಚಿಕೊಂಡಿದ್ದರು. ಕೆಳಗಿಳಿದ ಬಳಿಕ ನಮ್ಮೊಡನೆ ಹೀಗೆಂದರು: “ಹೊತ್ತವರ ಉಪಕಾರ ಮರೆಯುವಂಥದ್ದಲ್ಲ. ಆದರೂ ನೋಡಿ ಮಾರಾಯ್ರೆ, ಅಕ್ಕಿಮುಡಿಯ ಹಾಗಾಯಿತು ನನ್ನ ಅವಸ್ಥೆ.”

ಇದು ಒಬ್ಬ ಉಪಾಧ್ಯಾಯರ ದುರದೃಷ್ಟವೆಂದು ಬಗೆದು ಮುಂದೆ ಸಾಗುವಂತಿದ್ದರೆ ನಾವು ಈ ಸ್ಥಳವನ್ನು ಅದಕ್ಕಾಗಿ ಮೀಸಲಿಡುತ್ತಿರಲಿಲ್ಲ. ಅವರ ಕಾಲುಗಳನ್ನು ರೋಗವು ಕೆಡಿಸಿತು, ನಿಜ. ಆದರೆ ಅವರ ದಾರಿಯನ್ನು ಕೆಡಿಸಿದ್ದು ರೋಗವಲ್ಲ, ಆ ಏಳು ಮೆಟ್ಟಿಲುಗಳು. ಮೊದಲನೆಯದಕ್ಕೆ ವೈದ್ಯರಲ್ಲಿ ಮದ್ದು ಇಲ್ಲದಿರಬಹುದು. ಎರಡನೆಯದಕ್ಕೆ ನಮ್ಮ ಊರಿನ ಯಾವ ಮೇಸ್ತ್ರಿಯಲ್ಲಿಯೂ ಮದ್ದು ಇದೆ. ಮನುಷ್ಯರು ಕಟ್ಟಿದ ತಡೆಯನ್ನು ಮನುಷ್ಯರೇ ತೆಗೆಯಬಹುದು. ತೆಗೆಯದಿದ್ದರೆ ಆ ಪಾಪವನ್ನು ವಿಧಿಯ ತಲೆಗೆ ಕಟ್ಟಕೂಡದು.

ಪ್ರತಿವರ್ಷ ಡಿಸೆಂಬರ್ 3ರಂದು ಅಂಗವಿಕಲರ ದಿನವನ್ನು ನಾವು ಆಚರಿಸುತ್ತೇವೆ. ಸಂಯುಕ್ತ ರಾಷ್ಟ್ರಸಂಸ್ಥೆಯು 1992ರಲ್ಲಿ ಗೊತ್ತುಪಡಿಸಿದ ದಿನವದು. ಆ ದಿನ ಹಾರ, ಶಾಲು, ಭಾಷಣಗಳಿಗೆ ಕೊರತೆಯಿಲ್ಲ. ತ್ರಿಚಕ್ರ ಗಾಡಿಗಳನ್ನು ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವವರಿಗೂ ಕೊರತೆಯಿಲ್ಲ. ಗಾಡಿಯನ್ನು ಕೊಟ್ಟವರು ಅದು ಓಡಾಡಬೇಕಾದ ದಾರಿಯನ್ನು ಕೊಡಲು ಮರೆಯುತ್ತಾರೆ, ಅಷ್ಟೆ. 2015ರಲ್ಲಿ ಪ್ರಧಾನಮಂತ್ರಿಗಳು ಅಂಗವಿಕಲರನ್ನು ‘ದಿವ್ಯಾಂಗ’ರೆಂದು ಕರೆಯಬೇಕೆಂದು ಸೂಚಿಸಿದರು, ಅದೇ ವರ್ಷದ ಡಿಸೆಂಬರ್ 3ರಂದು ‘ಸುಗಮ್ಯ ಭಾರತ’ ಎಂಬ ಆಂದೋಲನವೂ ಆರಂಭವಾಯಿತು. ಹೆಸರಿನ ವಿಷಯದಲ್ಲಿ ನಮಗೆ ಜಗಳವಿಲ್ಲ. ಆದರೆ ಹೆಸರು ದಿವ್ಯವಾದ ಮಾತ್ರಕ್ಕೆ ಮೆಟ್ಟಿಲು ಕರಗುವುದಿಲ್ಲವೆಂಬುದನ್ನು ಹತ್ತು ವರ್ಷಗಳ ಅನುಭವವು ನಮಗೆ ಕಲಿಸಿದೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1995ರಲ್ಲಿಯೇ ಒಂದು ಶಾಸನವಾಯಿತು. ವಿಶ್ವರಾಷ್ಟ್ರಗಳ ಒಡಂಬಡಿಕೆಯನ್ನು ನಮ್ಮ ದೇಶವು 2007ರಲ್ಲಿ ಅಂಗೀಕರಿಸಿತು. ಹಳೆಯ ಶಾಸನದ ಸ್ಥಾನದಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಅದರ 44ನೆಯ ಪ್ರಕರಣದಂತೆ, ಸುಗಮ ಪ್ರವೇಶದ ನಿಯಮಗಳನ್ನು ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ಕೊಡಕೂಡದು. ಕಟ್ಟಿ ಮುಗಿದರೂ ಪೂರ್ಣತೆಯ ಪತ್ರ ಕೊಡಕೂಡದು. 45ನೆಯ ಪ್ರಕರಣದಂತೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳೊಳಗೆ ಸರಿಪಡಿಸಬೇಕು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಆದಕಾರಣ ಅವಧಿಯು 2022ರ ಜೂನ್‌ನಲ್ಲಿಯೇ ಮುಗಿದುಹೋಯಿತು. ಶಾಸನವನ್ನು ಉಲ್ಲಂಘಿಸಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿಯವರೆಗೆ, ಮತ್ತೆ ಮತ್ತೆ ಉಲ್ಲಂಘಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವುಂಟು. ಕರದ ಬಾಕಿಗಾಗಿ ಬಡವನ ಮನೆಬಾಗಿಲಿಗೆ ನೋಟೀಸು ಅಂಟಿಸುವ ಆಡಳಿತವು ತನ್ನ ಸ್ವಂತ ಬಾಗಿಲಿನ ಈ ಬಾಕಿಯನ್ನು ಎಣಿಸುವುದು ಯಾವಾಗ?

ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಕೊಟ್ಟ ತೀರ್ಪನ್ನೂ ವಾಚಕರು ಗಮನಿಸಬೇಕು. ಶಾಸನವು ಕಡ್ಡಾಯವೆಂದು ಹೇಳಿದ್ದನ್ನು ಸರಕಾರದ ನಿಯಮವು ಬರಿಯ ಮಾರ್ಗದರ್ಶನದ ಮಟ್ಟಕ್ಕೆ ಇಳಿಸಿದೆಯೆಂದು ಕಂಡು, ನ್ಯಾಯಾಲಯವು ಆ ನಿಯಮವನ್ನು ಶಾಸನಬಾಹಿರವೆಂದು ಸಾರಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರಚಿಸಬೇಕೆಂದು ವಿಧಿಸಿತು. ಕುಂಟನ ಹಕ್ಕು ಕುಂಟದೆ ನಡೆಯಬೇಕಾದರೆ ನಿಯಮಕ್ಕೆ ಬೆನ್ನೆಲುಬು ಬೇಕೆಂಬುದೇ ಅದರ ಅಭಿಪ್ರಾಯ. ಆದರೆ ಒಂದು ಕಚೇರಿಯ ಮುಂದೆ ಇಳಿಜಾರು ಕಟ್ಟುವುದಕ್ಕೆ ದಿಲ್ಲಿಯ ಕಾಗದಕ್ಕಾಗಿ ಮಂಗಳೂರು ಕಾಯಬೇಕಾಗಿಲ್ಲ.

ಈಗ ನಮ್ಮ ನಗರವನ್ನು ನೋಡೋಣ. 1914ರಷ್ಟು ಹಿಂದೆಯೇ ಮೋಟಾರು ಸಾರಿಗೆಯ ಕಂಪೆನಿಯನ್ನು ಕಟ್ಟಿ ನಾಡಿಗೆ ದಾರಿ ತೋರಿದ ಜಿಲ್ಲೆ ನಮ್ಮದು. ಇಂದಿಗೂ ಸ್ಟೇಟ್‌ಬ್ಯಾಂಕಿನ ಬಳಿಯಿಂದ ಸುರತ್ಕಲ್ಲಿಗೆ, ತಲಪಾಡಿಗೆ, ಮೂಡುಶೆಡ್ಡೆಗೆ ಖಾಸಗಿ ಬಸ್ಸುಗಳೇ ಜನರ ಕಾಲುಗಳಾಗಿವೆ. ಆ ಬಸ್ಸಿನ ಮೊದಲ ಮೆಟ್ಟಿಲಿಗೆ ಮೊಣಕಾಲು ಎತ್ತಿ ಹತ್ತಬೇಕು. ಹತ್ತುವ ಮೊದಲೇ ಸೀಟಿ ಊದಿಯಾಗುತ್ತದೆ. ಊರುಗೋಲಿನವರಿಗೆ ಅದು ಸಾಹಸ, ಗಾಲಿಕುರ್ಚಿಯವರಿಗೆ ಅಸಾಧ್ಯ. ನೆಲದಿಂದ 400 ಮಿಲಿಮೀಟರಿನಷ್ಟೇ ಎತ್ತರದ ತಳವಿರುವ, ಬಾಗಿಲಲ್ಲಿ ಹಲಗೆ ಚಾಚುವ ಬಸ್ಸುಗಳು ಬೆಂಗಳೂರಿಗೆ ಹೊಸತಲ್ಲ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಬಸ್ಸುಗಳಲ್ಲಿ ಅಂಗವಿಕಲರಿಗೆ ಮೀಸಲು ಆಸನ, ಹಿಡಿಕೆ, ಊರುಗೋಲನ್ನು ಭದ್ರವಾಗಿಡುವ ಸ್ಥಳ, ಗಾಲಿಕುರ್ಚಿಯನ್ನು ಹತ್ತಿಸಿ ಬಿಗಿಯುವ ಏರ್ಪಾಡು ಇವುಗಳಿರಬೇಕೆಂದು ವಿಧಿಸಲಾಯಿತು. ಆ ನಿಯಮವನ್ನು ಬಸ್ಸಿನ ಕಾಗದಪತ್ರಗಳಲ್ಲಿ ಹುಡುಕುವುದಕ್ಕಿಂತ ಬಸ್ಸಿನ ಬಾಗಿಲಿನಲ್ಲಿ ಕಾಣುವಂತಾಗಬೇಕು.

ರೈಲಿನ ಮಾತು ಇನ್ನೊಂದು ಬಗೆಯದು. ಇಲ್ಲಿನ ಎರಡು ಮುಖ್ಯ ನಿಲ್ದಾಣಗಳು ಪಾಲಕ್ಕಾಡು ವಿಭಾಗಕ್ಕೆ ಸೇರಿದವು; ತೋಕೂರಿನ ಆಚೆ ಕೊಂಕಣ ರೈಲ್ವೆ; ಸುಬ್ರಹ್ಮಣ್ಯದ ಕಡೆಗೆ ಮೈಸೂರು ವಿಭಾಗ. ಮೂವರು ಯಜಮಾನರ ಮನೆಯಲ್ಲಿ ದೀಪ ಹಚ್ಚುವವರು ಯಾರೆಂಬುದು ನಮ್ಮ ಹಳೆಯ ದೂರು. ಪ್ಲಾಟ್‌ಫಾರಮಿಗಿಂತ ಗಾಡಿಯ ತಳವು ಹೆಚ್ಚುಕಡಿಮೆ ಒಂದು ಮೊಳ ಎತ್ತರ. ಸಾಧಾರಣ ಡಬ್ಬಿಯ ಬಾಗಿಲಿನಿಂದ ಗಾಲಿಕುರ್ಚಿಯು ನೆಟ್ಟಗೆ ಒಳಗೆ ಹೋಗಲಾರದು. ಅಂಗವಿಕಲರಿಗೆಂದು ಇರುವ ಡಬ್ಬಿಯು ಸಾಮಾನ್ಯವಾಗಿ ರೈಲಿನ ತುತ್ತತುದಿಯಲ್ಲಿರುತ್ತದೆ. ವಂದೇ ಭಾರತ್ ಗಾಡಿಗಳಲ್ಲಿ ಗಾಲಿಕುರ್ಚಿಗೆ ಜಾಗ ಮಾಡಿರುವುದು ಸಂತೋಷವೇ ಸರಿ. ಆದರೆ ಬಡವನು ಹತ್ತುವ ಪ್ಯಾಸೆಂಜರ್ ಗಾಡಿಗೆ ಆ ಸುಬುದ್ಧಿ ಬರುವುದೆಂದು?

ಇದಕ್ಕೆ ಉತ್ತರವಾಗಿ ಮೂರು ಮಾತುಗಳು ಸದಾ ಸಿದ್ಧವಾಗಿರುತ್ತವೆ. ಮೊದಲನೆಯದು, ಮಂಗಳೂರು ಗುಡ್ಡಗಳ ಊರು, ಇಲ್ಲಿ ಇದೆಲ್ಲ ಆಗದು ಎಂಬುದು. ಬಾವುಟಗುಡ್ಡೆಯನ್ನಾಗಲಿ ಕದ್ರಿಯ ಗುಡ್ಡವನ್ನಾಗಲಿ ಯಾರೂ ಕಡಿದು ಸಮಮಾಡಬೇಕೆನ್ನುತ್ತಿಲ್ಲ. ನಾವು ಕೇಳುವುದು ಗುಡ್ಡದ ಮೇಲಿನ ಕಟ್ಟಡಕ್ಕೆ ಏಳು ಮೆಟ್ಟಿಲಿಲ್ಲದ ಒಂದು ಬಾಗಿಲನ್ನು. ಲೆಕ್ಕವು ಸರಳವಾಗಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಆರು ಅಂಗುಲದ ಏಳು ಮೆಟ್ಟಿಲೆಂದರೆ ಮೂರೂವರೆ ಅಡಿ. ಅದಕ್ಕೆ 42 ಅಡಿ ದಾರಿ. ನಡುವೆ ಒಂದು ಸಮತಟ್ಟನ್ನಿಟ್ಟು ತಿರುಗಿಸಿದರೆ ಅಂಗಳದ ಬದಿಯಲ್ಲಿಯೇ ಅದು ಅಡಗುತ್ತದೆ. ಎರಡೂ ಕಡೆ ಹಿಡಿಕಂಬಿ ಬೇಕು. ನಾಲ್ಕು ತಿಂಗಳು ಮಳೆ ಸುರಿಯುವ ನಾಡಾದುದರಿಂದ ನುಣುಪಾದ ಟೈಲುಗಳ ಬದಲು ಒರಟು ನೆಲ ಬೇಕು. ಈ ಲೆಕ್ಕವನ್ನು ಬಿಟ್ಟು, ಕಾನೂನಿನ ಬಾಯಿ ಮುಚ್ಚಿಸುವುದಕ್ಕಾಗಿ, ಇಬ್ಬರು ದೂಡಿದರೂ ಏರದ ಕಡಿದಾದ ಗಾರೆಯ ತುಂಡನ್ನು ಮೂಲೆಯಲ್ಲಿ ಕಟ್ಟಿ ಅದರ ಮೇಲೆ ಬೈಕು ನಿಲ್ಲಿಸುವುದು ಸೌಕರ್ಯವಲ್ಲ, ಅಪಹಾಸ್ಯ.

ಎರಡನೆಯ ಮಾತು ಹಣದ್ದು. ಮಂಗಳೂರನ್ನು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆರಿಸಲಾಯಿತು. 2025ರ ಮಾರ್ಚ್ ಅಂತ್ಯಕ್ಕೆ ಆ ಯೋಜನೆಯು ದೇಶದಲ್ಲೆಲ್ಲ ಮುಕ್ತಾಯವಾಯಿತು. ಅಷ್ಟು ವರ್ಷ ಅಗೆದು ಮುಚ್ಚಿ, ಮುಚ್ಚಿ ಅಗೆದ ನಗರದಲ್ಲಿ ಕಾಲುದಾರಿಯೊಂದನ್ನು ಹಿಡಿದು ಹಂಪನಕಟ್ಟೆಯಿಂದ ಬಂದರಿನವರೆಗೆ ಯಾರ ನೆರವೂ ಇಲ್ಲದೆ ಗಾಲಿಕುರ್ಚಿಯಲ್ಲಿ ಹೋಗಿ ತೋರಿಸಲು ಇಂಜಿನಿಯರ ಮಹಾಶಯರನ್ನು ನಾವು ವಿನಯಪೂರ್ವಕವಾಗಿ ಆಹ್ವಾನಿಸುತ್ತೇವೆ. ಕೊರತೆಯಿದ್ದುದು ಹಣಕ್ಕಲ್ಲ, ನೆನಪಿಗೆ.

ಮೂರನೆಯದು, ಇಂಥವರು ಎಷ್ಟು ಮಂದಿ, ನಾವು ಬೀದಿಯಲ್ಲಿ ಕಾಣುವುದೇ ಇಲ್ಲವಲ್ಲ ಎಂಬುದು. ಹೊರಗೆ ಬರುವ ದಾರಿಯನ್ನು ಮುಚ್ಚಿ, ಹೊರಗೆ ಕಾಣುವುದಿಲ್ಲವೆನ್ನುವುದು ಯಾವ ನ್ಯಾಯ? 2011ರ ಜನಗಣತಿಯಂತೆ ಕರ್ನಾಟಕದಲ್ಲಿಯೇ ಅಂಗವಿಕಲರು 13 ಲಕ್ಷಕ್ಕೂ ಮಿಕ್ಕಿದ್ದರು. ಗಾಲಿಕುರ್ಚಿಯಲ್ಲಿದ್ದುಕೊಂಡೇ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ದೇಶದ ಕೀರ್ತಿಯನ್ನು ಎತ್ತಿದ ಬೆಂಗಳೂರಿನ ಮಾಲತಿ ಹೊಳ್ಳರಿಗೆ ಅರ್ಜುನ ಪ್ರಶಸ್ತಿಯೂ ಪದ್ಮಶ್ರೀಯೂ ಸಂದಿವೆ. ದಾರಿ ದೊರೆತರೆ ಏನಾಗಬಲ್ಲದೆಂಬುದಕ್ಕೆ ಇಷ್ಟು ಸಾಕು.

ಮೇಲಾಗಿ ನಮ್ಮ ಕರಾವಳಿಗೆ ಒಂದು ವಿಶೇಷವಾದ ಋಣವಿದೆ. ಗೇರುತೋಟಗಳ ಮೇಲೆ ಸರಕಾರದ ನಿಗಮಗಳೇ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ಕಥೆಯನ್ನು ಕಾಸರಗೋಡಿನ ಎಣ್ಮಕಜೆಯ ಪಡ್ರೆಯವರೂ, ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳವರೂ ಮರೆಯಲಾರರು. 2000ದ ಸುಮಾರಿಗೆ ಸಿಂಪಡಣೆ ನಿಂತಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ವಿಷವು ನಿಂತರೂ ಅದರ ನೆರಳಿನಲ್ಲಿ ಹುಟ್ಟಿದ ಮಕ್ಕಳು ಬೆಳೆದು ಹಿರಿಯರಾಗಿದ್ದಾರೆ. ತಾಯಿಯ ಸೊಂಟದ ಮೇಲೆ ಬರುತ್ತಿದ್ದ ಮಗು ಇಂದು ಇಪ್ಪತ್ತೈದು ವರ್ಷದ ಯುವಕ. ಎತ್ತುವ ತಾಯಿಗೆ ಅರುವತ್ತು. ಆಕೆ ಮಗನನ್ನು ವೆನ್ಲಾಕಿಗೆ ಹೇಗೆ ಕರೆತರಬೇಕು? ಮಾಸಾಶನವನ್ನು ಕೊಟ್ಟೆವೆಂದು ಸರಕಾರವು ಹೇಳಬಹುದು. ದಾರಿಯಿಲ್ಲದವನಿಗೆ ಕೊಟ್ಟ ಹಣದಲ್ಲಿ ಹೆಚ್ಚಿನ ಪಾಲು ಬಾಡಿಗೆ ಗಾಡಿಗೇ ಹೋಗುವುದೆಂಬುದನ್ನೂ ಅದು ತಿಳಿಯಬೇಕು.

ಹೊರದೇಶಗಳ ಉದಾಹರಣೆಯನ್ನು ನಾವು ಕೀಳರಿಮೆಯಿಂದ ಎತ್ತುವವರಲ್ಲ. ಆದರೆ ಬಜಪೆಯಿಂದ ನಾಲ್ಕು ಗಂಟೆಯೊಳಗೆ ತಲಪುವ ದುಬೈಯಲ್ಲಿ ನಮ್ಮವರ ಸಾವಿರಾರು ಮನೆಗಳಿವೆ. ಅಲ್ಲಿ 2009ರಲ್ಲಿ ಆರಂಭವಾದ ಮೆಟ್ರೋ ರೈಲಿನೊಳಕ್ಕೆ ಗಾಲಿಕುರ್ಚಿಯು ನೆಲದ ಮೇಲೆ ಉರುಳಿದಂತೆಯೇ ಉರುಳುತ್ತದೆ. ಮಗನನ್ನು ನೋಡಲು ಹೋದ ತಾಯಿ ಅಲ್ಲಿ ಪೇಟೆ ಸುತ್ತಿ, ಊರಿಗೆ ಮರಳಿದ ಮೇಲೆ ಮನೆಯ ಜಗಲಿಯಲ್ಲಿ ಸೆರೆಯಾಗುತ್ತಾಳೆ. ಲಂಡನ್ನಿನ ಬಸ್ಸುಗಳಿಗೆಲ್ಲ ಚಾಚುಹಲಗೆಗಳಿವೆ. ಆದರೆ 1863ರಲ್ಲಿ ಆರಂಭವಾದ ಅಲ್ಲಿಯ ನೆಲದಡಿಯ ರೈಲಿನ ಹೆಚ್ಚಿನ ನಿಲ್ದಾಣಗಳಲ್ಲಿ ಇಂದಿಗೂ ಮೆಟ್ಟಿಲುಗಳ ತಡೆಯಿದೆ. ಕಟ್ಟುವಾಗ ಮರೆತದ್ದನ್ನು ಆಮೇಲೆ ತಿದ್ದುವುದು ಸಿರಿವಂತರಿಗೂ ಕಷ್ಟವೆಂಬುದು ಇದರ ಪಾಠ. ಅಮೆರಿಕದವರಿಗೂ ಈ ಹಕ್ಕು ದಾನವಾಗಿ ಬರಲಿಲ್ಲ. 1977ರಲ್ಲಿ ಅಂಗವಿಕಲರು ಸ್ಯಾನ್‌ಫ್ರಾನ್ಸಿಸ್ಕೋದ ಸರಕಾರಿ ಕಚೇರಿಯೊಂದರಲ್ಲಿ ಮೂರು ವಾರಕ್ಕೂ ಹೆಚ್ಚು ಧರಣಿ ಕುಳಿತರು; 1990ರ ಮಾರ್ಚ್‌ನಲ್ಲಿ ಗಾಲಿಕುರ್ಚಿಗಳನ್ನು ಕೆಳಗೆ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಹತ್ತಿದರು. ಅದೇ ಜುಲೈಯಲ್ಲಿ ಶಾಸನವಾಯಿತು. ಸತ್ಯಾಗ್ರಹದ ಹೆಸರನ್ನು ಜಗತ್ತಿಗೆ ಕೊಟ್ಟ ನಾಡು, ತನ್ನ ಅಂಗವಿಕಲರು ಮೆಟ್ಟಿಲ ಮೇಲೆ ತೆವಳುವವರೆಗೂ ಕಾಯಬೇಕೆ?

ಸ್ವರಾಜ್ಯವೆಂದರೆ ಧ್ವಜವನ್ನು ಏರಿಸುವುದಷ್ಟೇ ಅಲ್ಲ. ಧ್ವಜದ ಕಟ್ಟೆಯ ಬಳಿಗೆ ಎಲ್ಲರೂ ಬರುವಂತೆ ಮಾಡುವುದು. 2023ರ ವಿಧಾನಸಭಾ ಚುನಾವಣೆಯಲ್ಲಿ, 80 ವರ್ಷ ದಾಟಿದ ವೃದ್ಧರ ಮತ್ತು ಅಂಗವಿಕಲರ ಮನೆಗೇ ಅಧಿಕಾರಿಗಳು ಹೋಗಿ ಮತ ಪಡೆಯುವ ಏರ್ಪಾಡು ನಮ್ಮ ರಾಜ್ಯದಲ್ಲಿ ನಡೆಯಿತು. ಮೆಚ್ಚತಕ್ಕ ಕಾರ್ಯವೇ. ಆದರೆ ಒಂದು ದಿನ ಪೆಟ್ಟಿಗೆಯನ್ನು ಹೊತ್ತು ಪ್ರಜೆಯ ಬಾಗಿಲಿಗೆ ಬರುವ ರಾಜ್ಯವು ಉಳಿದ ಸಾವಿರಾರು ದಿನ ಆ ಪ್ರಜೆಯು ತನ್ನ ಬಾಗಿಲಿಗೆ ಬರಲಾಗದಂತೆ ಇರುವುದು ಹೇಗೆ ಸರಿ?

ಆದಕಾರಣ ನಮ್ಮ ಸೂಚನೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮಹಾನಗರಪಾಲಿಕೆಯು 44ನೆಯ ಪ್ರಕರಣವನ್ನು ಮೀರಿದ ಒಂದು ನಕ್ಷೆಗೂ ಮೊಹರು ಒತ್ತಕೂಡದು. ಜಿಲ್ಲಾಡಳಿತವು ಗಾಲಿಕುರ್ಚಿಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಪ್ರತಿ ಸರಕಾರಿ ಕಟ್ಟಡವನ್ನು ಪರೀಕ್ಷಿಸಿ, ಪಟ್ಟಿಯನ್ನೂ ಗಡುವನ್ನೂ ಪ್ರಕಟಿಸಬೇಕು. ಅಲ್ಲಿಯವರೆಗೆ ಹತ್ತಲಾರದವರ ಬಳಿಗೆ ಗುಮಾಸ್ತರೇ ಇಳಿದು ಬರಬೇಕು, ಅದಕ್ಕೆ ಗಾರೆಯೂ ಬೇಡ, ಹಣವೂ ಬೇಡ. ಬಸ್ಸು ಮಾಲಿಕರು ಮುಂದೆ ಕೊಳ್ಳುವ ಬಸ್ಸುಗಳಲ್ಲಿ ತಗ್ಗಿನ ತಳವಿರುವವನ್ನು ಮುಖ್ಯ ಮಾರ್ಗಗಳಿಗೆ ಹಾಕಲಿ. ಸರಕಾರವು ಅವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಬ್ಯಾಂಕುಗಳ ತವರೆನಿಸಿದ ಈ ಜಿಲ್ಲೆಯಲ್ಲಿ ಹಣ ತೆಗೆಯುವ ಯಂತ್ರವು ಮೆಟ್ಟಿಲುಗಳ ಮೇಲೆ ಕುಳಿತಿರುವುದು ಆ ಬ್ಯಾಂಕುಗಳಿಗೆ ಶೋಭೆಯಲ್ಲ. ದೇವಸ್ಥಾನ, ಇಗರ್ಜಿ, ಮಸೀದಿಗಳ ಆಡಳಿತದವರೂ ಯೋಚಿಸಲಿ: ದೇವರು ಎಲ್ಲೆಡೆಯೂ ಇದ್ದಾನೆಂಬುದು ಸತ್ಯ, ಆದರೆ ಭಕ್ತನು ಹೊರಗೇ ಉಳಿಯುವುದಕ್ಕೆ ಅದು ನೆಪವಾಗಬಾರದು.

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ಆ ದಿನ ಕಚೇರಿಯಿಂದ ಹಿಂದಿರುಗಿ, ಈ ಲೇಖನವನ್ನು ಬರೆಯಬೇಕೆಂದು ಮನಸ್ಸಿನಲ್ಲಿ ಆವೇಶ ತುಂಬಿಕೊಂಡು ನಮ್ಮ ಕಾರ್ಯಾಲಯದ ಬಾಗಿಲಿಗೆ ಬಂದಾಗ, ಅದಕ್ಕೂ ಮೂರು ಮೆಟ್ಟಿಲುಗಳಿರುವುದು ಮೊದಲ ಸಲ ನಮ್ಮ ಕಣ್ಣಿಗೆ ಬಿತ್ತು. ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದವರು ನಾವು. ಲೋಕದ ಕುಂದುಗಳನ್ನು ಎತ್ತಿ ಆಡುವ ಪತ್ರಿಕೆಗೆ, ದೂರು ಕೊಡಲು ಗಾಲಿಕುರ್ಚಿಯಲ್ಲಿ ಬರುವವನಿಗೆ ಪ್ರವೇಶವಿರಲಿಲ್ಲ. ಒಂದೂವರೆ ಅಡಿ ಎತ್ತರ, ಹದಿನೆಂಟು ಅಡಿ ಇಳಿಜಾರು. ಮೇಸ್ತ್ರಿಗೆ ಹೇಳಿಯಾಗಿದೆ, ಮಳೆಗಾಲಕ್ಕೆ ಮುನ್ನ ಅದು ಮುಗಿಯುವುದು. ಮುಗಿದ ದಿನ ಆ ಉಪಾಧ್ಯಾಯರನ್ನು ಕರೆದು, ಯಾರ ಹೆಗಲೂ ತಾಗದಂತೆ ಅವರು ತಮ್ಮ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಒಳಗೆ ಬರುವುದನ್ನು ನೋಡಬೇಕೆಂದು ನಾವು ಆಶಿಸಿದ್ದೇವೆ. ವಾಚಕರೂ ಇಂದು ತಮ್ಮ ತಮ್ಮ ಬಾಗಿಲನ್ನು ಒಮ್ಮೆ ನೋಡಿಕೊಳ್ಳಲಿ.